ಒದ್ದೆ ಬಟ್ಟೆಯ ಕೆಳಗಿನ ಮುಖ

ಶಿಲ್ಪ ವಿಭಾಗದ ಹಿಂಬದಿಯಲ್ಲಿ ಒಂದು ಮಣ್ಣಿನ ತೊಟ್ಟಿ ಇತ್ತು. ಕಾಲೇಜು ಕಟ್ಟಿದ ಕಾಲದಿಂದಲೂ ಇದ್ದದ್ದು. ಎದೆಮಟ್ಟದ ಸಿಮೆಂಟು ತೊಟ್ಟಿ, ಮೇಲೆ ಮರದ ಮುಚ್ಚಳ, ಒಳಗೆ ಬೂದು ಬಣ್ಣದ ಜೇಡಿಮಣ್ಣು. ಹೊಸ ಮಣ್ಣು ತರಿಸುವ ಪದ್ಧತಿಯೇ ಅಲ್ಲಿರಲಿಲ್ಲ. ವಿದ್ಯಾರ್ಥಿಗಳು ಅದೇ ಮಣ್ಣಿನಲ್ಲಿ ಮನುಷ್ಯರ ತಲೆ ಮಾಡುತ್ತಿದ್ದರು, ಚೆನ್ನಾಗಿ ಬಂದದ್ದಕ್ಕೆ ಪ್ಲಾಸ್ಟರಿನ ಅಚ್ಚು ತೆಗೆಯುತ್ತಿದ್ದರು, ಮಣ್ಣು ಮತ್ತೆ ತೊಟ್ಟಿಗೆ ಬೀಳುತ್ತಿತ್ತು. ಹಾಗಾಗಿ ಈ ವರ್ಷದ ಕೆನ್ನೆ ಹೋದ ವರ್ಷ ಯಾರದೋ ಕಿವಿಯಾಗಿತ್ತು, ಅದರ ಹಿಂದಿನ ವರ್ಷ ಇನ್ಯಾರದೋ ಗದ್ದ. ಮೊದಲ ವರ್ಷದ ಮಕ್ಕಳನ್ನು ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ ಇದನ್ನು ಹೇಳಿ ಹೆದರಿಸುವುದು ಹಿರಿಯ ವಿದ್ಯಾರ್ಥಿಗಳಿಗೆ ಒಂದು ಹಕ್ಕೇ ಆಗಿಹೋಗಿತ್ತು.

ಆ ತೊಟ್ಟಿಗೆ ಎರಡು ಕಟ್ಟಳೆ. ಅಚ್ಚಿಗೆ ಹೋಗದ ತಲೆಯನ್ನು ಒಳಗೆ ಹಾಕುವ ಮುಂಚೆ, ಅದನ್ನು ಮಾಡಿದವರೇ ತಮ್ಮ ಅಂಗೈಯಿಂದ ಮೂಗನ್ನು ಒತ್ತಿ ಚಪ್ಪಟೆ ಮಾಡಬೇಕು, ಆಮೇಲೆ ಮುರಿದು ಹಿಡಿ ಹಿಡಿಯಾಗಿ ಹಾಕಬೇಕು. ಎರಡನೆಯದು, ತೊಟ್ಟಿಯಿಂದ ತೆಗೆದ ಮಣ್ಣನ್ನು ಚಪ್ಪಡಿ ಕಲ್ಲಿನ ಮೇಲೆ ಚೆನ್ನಾಗಿ ನಾದಿಯೇ ಕೆಲಸಕ್ಕೆ ಹಚ್ಚಬೇಕು. ಯಾಕೆ ಎಂದು ಕೇಳಿದರೆ ಮೇಷ್ಟ್ರು, "ಒಳಗೆ ಗಾಳಿ ಉಳಿದ್ರೆ ಬಿರುಕು ಬಿಡುತ್ತೆ" ಎನ್ನುತ್ತಿದ್ದರು. ನಾದುವುದಕ್ಕೆ ಅದು ಸರಿಯಾದ ಉತ್ತರವೇ. ಮೂಗನ್ನು ಮಾಡಿದವರೇ ಯಾಕೆ ಒತ್ತಬೇಕು ಅನ್ನುವುದಕ್ಕೆ ಅವರು ಯಾವತ್ತೂ ಉತ್ತರ ಕೊಟ್ಟವರಲ್ಲ.

ನಮ್ಮ ಹುಡುಗಿಗೆ ಕಾಲೇಜಿನಲ್ಲಿ ಚೂಟಿ ಎಂದು ಹೆಸರು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು, ತಾಳ್ಮೆ ಮಾತ್ರ ಸಾಸಿವೆಕಾಳಿನಷ್ಟು. ಉಳಿದವರು ಕಣ್ಣಿನ ರೆಪ್ಪೆ ತಿದ್ದುತ್ತಾ ಕೂತಿರುವಾಗ ಇವಳು ತಲೆಗೂದಲನ್ನೂ ಮುಗಿಸಿ ಟೀ ಕುಡಿಯಲು ಹೊರಟಿರುತ್ತಿದ್ದಳು. ಕೊನೆಯ ವರ್ಷದವರಿಗೆ ಕಾಲೇಜಿನ ಗ್ಯಾಲರಿಯಲ್ಲಿ ನಡೆಯುವ ಪ್ರದರ್ಶನಕ್ಕೆ ಒಬ್ಬೊಬ್ಬರಿಗೆ ಒಂದೊಂದು ಬಿಳಿ ಪೀಠ ಕೊಡುತ್ತಿದ್ದರು. ತನ್ನ ಪೀಠದ ಮೇಲೆ ಅಪ್ಪನ ತಲೆಯನ್ನೇ ಇಡುವುದು ಎಂದು ಚೂಟಿ ಯಾರನ್ನೂ ಕೇಳದೆ ನಿರ್ಧಾರ ಮಾಡಿಬಿಟ್ಟಿದ್ದಳು.

ಅಪ್ಪ ಬಡಗಿ. ಅವಳು ಅಂಬೆಗಾಲಿಡುವಾಗಲೇ ತೀರಿಕೊಂಡಿದ್ದ. ಇದ್ದ ಫೋಟೋಗಳೆಲ್ಲ ಒಂದು ಆಲ್ಬಮ್ಮಿನಲ್ಲಿದ್ದವು. ಗೋಡೆಯೊಳಗಿನ ಪೈಪು ಒಡೆದು ಕಪಾಟಿನ ಕೆಳಗಿನ ಖಾನೆಗೆ ನೀರು ತುಂಬಿದಾಗ ಆ ಆಲ್ಬಮ್ಮು ಒದ್ದೆ ಮುದ್ದೆಯಾಗಿ ಹೋಯಿತು. ಉಳಿದದ್ದು ಒಂದೇ ಫೋಟೋ, ಅದರಲ್ಲೂ ಪುಣ್ಯಾತ್ಮ ಬೆನ್ನು ತಿರುಗಿಸಿ ನಿಂತು ಅಮ್ಮನ ಅಂಗಡಿಯ ಬೋರ್ಡಿಗೆ ಮೊಳೆ ಹೊಡೆಯುತ್ತಿದ್ದ.

ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಒತ್ತಿಕೊಂಡು ಹೊಲಿಗೆ ಯಂತ್ರ, ಅದರ ಪಕ್ಕ ಬಟ್ಟೆ ಕತ್ತರಿಸಲು ಅಪ್ಪ ಮಾಡಿಕೊಟ್ಟ ಉದ್ದನೆಯ ಮೇಜು, ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ. ಅಮ್ಮನ ಕತ್ತಿನಲ್ಲಿ ಅಳತೆ ಟೇಪು ಸದಾ ಜೋತಾಡುತ್ತಿತ್ತು, ಸ್ನಾನಕ್ಕೆ ಹೋಗುವಾಗಲೂ ತೆಗೆಯುತ್ತಾಳೋ ಇಲ್ಲವೋ ಎಂದು ಚೂಟಿ ಗೇಲಿ ಮಾಡುತ್ತಿದ್ದಳು.

"ಅಮ್ಮಾ, ಅಪ್ಪನ ಮೂಗು ಹೇಗಿತ್ತು?" ಎಂದು ಅವಳು ಮೇಜಿನ ಮೇಲೆ ಕೂತು ಪೆನ್ಸಿಲು ಹಿಡಿದು ಕೇಳಿದಳು.

"ಮೂಗು ಮೂಗಿನ ಥರಾನೇ ಇತ್ತು. ಆ ಬಾಬಿನ್ ಕೊಡು ಇಲ್ಲಿ."

"ಉದ್ದನಾ, ಗಿಡ್ಡನಾ?"

"ನಾನೇನು ಅವರ ಮೂಗಿಗೆ ಅಂಗಿ ಹೊಲಿತಿದ್ನಾ? ಕತ್ತು ಕೇಳು, ಹೇಳ್ತೀನಿ. ಕಾಲರ್ ಹದಿನಾರೂವರೆ. ಬಲಗಡೆ ಭುಜ ಒಂಚೂರು ಇಳಿದಿತ್ತು, ಗರಗಸ ಎಳೆದು ಎಳೆದು. ಎಡಗೈ ಹೆಬ್ಬೆರಳು ಸುತ್ತಿಗೆ ಏಟಿಗೆ ಸೊಟ್ಟ ಆಗಿತ್ತು. ಆ ಕೈಲಿ ಬಲಗೈ ಕಫಿನ ಗುಂಡಿ ಹಾಕ್ಕೊಳ್ಳೋಕೆ ಆಗ್ತಿರಲಿಲ್ಲ, ದಿನಾ ಬೆಳಿಗ್ಗೆ ನಾನೇ ಹಾಕಬೇಕಿತ್ತು."

"ಕಣ್ಣು?"

ಯಂತ್ರ ಒಂದು ಇಡೀ ಅಂಚಿನುದ್ದಕ್ಕೂ ಓಡಿ ನಿಂತಿತು. ಅಮ್ಮ ದಾರವನ್ನು ಹಲ್ಲಿನಿಂದ ಕಡಿದಳು. "ನೀನು ಮಾಡು. ನೋಡಿದ ತಕ್ಷಣ ಹೇಳ್ತೀನಿ, ಹೌದೋ ಅಲ್ವೋ ಅಂತ."

ಚೂಟಿ ಪೆನ್ಸಿಲು ಕೆಳಗಿಟ್ಟಳು. ಅಮ್ಮನಿಗೆ ಅಪ್ಪನ ಮುಖ ಮರೆತುಹೋಗಿದೆ ಎಂದು ಅವಳಿಗೆ ಆಗ ಗೊತ್ತಾಯಿತು. ಅಳತೆಗಳೆಲ್ಲ ಬೆರಳಿನಲ್ಲಿ ಉಳಿದಿದ್ದವು, ಮುಖ ಮಾತ್ರ ಇರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲಾರದೆ ಅಮ್ಮ ಗದರಿಸಿ ಸಾಗಹಾಕುತ್ತಿದ್ದಾಳೆ ಎಂದೂ ಅರ್ಥವಾಯಿತು. ಹೇಗಾದರೂ ಮಾಡಿ ಆ ಮುಖವನ್ನು ಅಮ್ಮನಿಗೆ ವಾಪಸು ತಂದುಕೊಡಬೇಕು ಎಂದು ಹಟ ಹುಟ್ಟಿದ್ದು ಆ ಗಳಿಗೆಯಲ್ಲೇ. ಅಂಕ, ಪ್ರದರ್ಶನ, ಮೇಷ್ಟ್ರ ಮೆಚ್ಚುಗೆ ಎಲ್ಲ ಅಲ್ಲಿಂದ ಮುಂದೆ ಬರೀ ನೆಪ.

ಹಟವೇನೋ ಸರಿ, ಮುಖ ಬರಬೇಕಲ್ಲ. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು ಅಮ್ಮನದ್ದೆನಿಸಿದ್ದನ್ನೆಲ್ಲ ಕಳೆದು ಉಳಿದದ್ದನ್ನು ಮಾಡಿದಳು. ಚಿಕ್ಕಪ್ಪನ ಕಿವಿ ತಂದು ಅಂಟಿಸಿದಳು, ಅಜ್ಜನ ಹಣೆ ಕೂರಿಸಿದಳು. ಸಂಜೆ ಮೊಬೈಲಿನಲ್ಲಿ ಫೋಟೋ ತೋರಿಸಿದರೆ ಅಮ್ಮ ಕನ್ನಡಕ ಏರಿಸಿ, ಇಳಿಸಿ, "ಇವರಲ್ಲ ಕಣೇ" ಎನ್ನುತ್ತಿದ್ದಳು, ತಪ್ಪು ತನ್ನದೇ ಎಂಬಂತೆ. ಮಾರನೆಯ ಬೆಳಿಗ್ಗೆ ಚೂಟಿ ಕಟ್ಟಳೆಯ ಪ್ರಕಾರ ಅಂಗೈ ಇಟ್ಟು ಮೂಗು ಒತ್ತಿ, ಮುರಿದು ತೊಟ್ಟಿಗೆ ಹಾಕುತ್ತಿದ್ದಳು. ಅಪ್ಪನ ಮೂಗನ್ನು ಕೈಯಾರೆ ಚಪ್ಪಟೆ ಮಾಡುವುದು ಮೊದಲ ಸಲ ತಮಾಷೆಯಾಗಿತ್ತು. ಆಮೇಲೆ ಕಣ್ಣು ಮುಚ್ಚಿಕೊಂಡು ಒತ್ತತೊಡಗಿದಳು.

ಪ್ರದರ್ಶನ ಹತ್ತಿರ ಬಂತು. ತರಗತಿಯವರೆಲ್ಲ ಒಟ್ಟಿಗೇ ಕೆಲಸಕ್ಕೆ ಬಿದ್ದಿದ್ದರಿಂದ ತೊಟ್ಟಿಯ ಮೇಲಿನ ಮಣ್ಣು ಖಾಲಿಯಾಗಿತ್ತು. ಚೂಟಿ ಹೊಟ್ಟೆಯನ್ನು ಅಂಚಿಗೆ ಒತ್ತಿ, ಭುಜದವರೆಗೆ ಕೈ ಇಳಿಸಿ ತಳದಲ್ಲಿ ತಡಕಿದಳು. ಬೆರಳಿಗೆ ದುಂಡನೆಯ ದೊಡ್ಡ ಗಟ್ಟಿಯೊಂದು ಸಿಕ್ಕಿತು. ಎರಡೂ ಕೈಯಲ್ಲಿ ತಬ್ಬಿ ಎತ್ತಿದರೆ ತಲೆಯಷ್ಟೇ ಗಾತ್ರ, ತಲೆಯಷ್ಟೇ ಭಾರ. ಹದವೂ ಹೇಳಿ ಮಾಡಿಸಿದಂತಿತ್ತು, ಮೆತ್ತಗೂ ಅಲ್ಲ, ಬಿರುಸೂ ಅಲ್ಲ. ಇಷ್ಟು ಚೆಂದದ ಮಣ್ಣನ್ನು ಇನ್ನೇನು ನಾದುವುದು ಎಂದುಕೊಂಡು ಚೂಟಿ ಅದನ್ನು ಹಾಗೇ ತಂದು, ತಂತಿ ಸುತ್ತಿದ ಮರದ ಗೂಟಕ್ಕೆ ಒತ್ತಿ ಕೂರಿಸಿದಳು. ಗೂಟ ಒಳಗೆ ಇಳಿದದ್ದು ಮೊದಲೇ ತೂತಿದ್ದಲ್ಲಿ ಇಳಿದ ಹಾಗಿತ್ತು.

ಆ ದಿನ ಅವಳು ಮಾಡಿದ್ದು ಸ್ವಲ್ಪವೇ. ಕಣ್ಣಿನ ಗುಳಿಗಳಿಗೆ ಹೆಬ್ಬೆರಳು ಒತ್ತಿದಳು, ಮೂಗಿಗೆ ಮಣ್ಣು ಹಚ್ಚಿದಳು, ಕತ್ತಿಗೆ ಅಮ್ಮನ ಅಂಗಡಿಯಿಂದ ತಂದ ಹಳೆಯ ಟೇಪು ಹಿಡಿದು ಸರಿಯಾಗಿ ಹದಿನಾರೂವರೆ ಬರುವಷ್ಟು ಮಣ್ಣು ಕಟ್ಟಿದಳು. ಮಣ್ಣು ಒಣಗದಿರಲೆಂದು ಒದ್ದೆ ಬಟ್ಟೆ ಸುತ್ತಿದಳು. ಸಂಜೆ ಶಿಲ್ಪದ ಕೋಣೆಯಲ್ಲಿ ಎಲ್ಲರ ತಲೆಗಳೂ ಹೀಗೆ ಬಟ್ಟೆ ಹೊದ್ದು ಸಾಲಾಗಿ ನಿಂತಿರುತ್ತಿದ್ದವು. ಹೊಸಬರು ಆ ಬಾಗಿಲಲ್ಲಿ ಇಣುಕಿ ಹಿಂದಕ್ಕೆ ಹೋಗುವುದನ್ನು ನೋಡಿ ಚೂಟಿ ಎಷ್ಟೋ ಸಲ ನಕ್ಕಿದ್ದಳು.

ಮಾರನೆಯ ಬೆಳಿಗ್ಗೆ ಬಂದಾಗ ನಗು ಬರಲಿಲ್ಲ. ಬೇರೆ ತಲೆಗಳ ಬಟ್ಟೆ ಸಡಿಲವಾಗಿ ಜೋತಿತ್ತು. ಅವಳ ತಲೆಯ ಬಟ್ಟೆ ಮಾತ್ರ ಬಾಯಿ ಇರುವ ಕಡೆ ಒಳಕ್ಕೆ ಎಳೆದುಕೊಂಡಿತ್ತು, ಮುಖದ ಮೇಲೆ ಬಟ್ಟೆ ಬಿದ್ದವರು ಉಸಿರು ಎಳೆದರೆ ಆಗುತ್ತದಲ್ಲ, ಹಾಗೆ. ಬಟ್ಟೆ ಒಣಗುವಾಗ ಬಿಗಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಮುಟ್ಟಿ ನೋಡಿದಳು. ಒಣಗಿರಲಿಲ್ಲ, ನೀರು ಹಿಂಡುವಷ್ಟು ಒದ್ದೆಯಾಗಿತ್ತು.

ಬಿಚ್ಚಿದಳು. ಅವಳು ಮೂಗಿಗೆ ಹಚ್ಚಿದ್ದ ಮಣ್ಣು ಗೂಟದ ಬುಡದ ಹಲಗೆಯ ಮೇಲೆ ಬಿದ್ದಿತ್ತು, ಹಣ್ಣಿನ ಸಿಪ್ಪೆ ಸುಲಿದಿಟ್ಟ ಹಾಗೆ ಸುರುಳಿಯಾಗಿ. ಕತ್ತಿಗೆ ಕಟ್ಟಿದ್ದದ್ದೂ ಅಷ್ಟೇ, ಸುತ್ತಲೂ ಬಳೆಯಂತೆ ಕಳಚಿ ಬಿದ್ದಿತ್ತು. ಒಳಗಿನಿಂದ ಸಣ್ಣ ಕತ್ತು, ನೀಳ ಮೂಗು ಹೊರಗೆ ಬಂದಿದ್ದವು. ಅವಳು ಮತ್ತೆ ಮಣ್ಣು ಹಚ್ಚಿದಳು, ಮಾರನೆಯ ದಿನ ಅದೂ ಹಲಗೆಯ ಮೇಲಿತ್ತು. ಎಡಹುಬ್ಬಿನಲ್ಲಿ ಒಂದು ಸಣ್ಣ ಗಾಯದ ಗೆರೆ ಕಾಣಿಸಿಕೊಂಡಿತು. ಅದನ್ನು ಬೆರಳಿನಿಂದ ಸವರಿ ಅಳಿಸಿದಳು, ಬೆಳಿಗ್ಗೆಗೆ ಅದೂ ಹಿಂದಿರುಗಿತ್ತು. ಕಿವಿಯ ಒಳಮಡಿಕೆಯಲ್ಲಿ ಬೆರಳಚ್ಚುಗಳಿದ್ದವು. ತನ್ನ ಬೆರಳು ಇಟ್ಟು ನೋಡಿದಳು, ಅವು ಅವಳವಲ್ಲ.

ಭಯವಾಗಲಿಲ್ಲವೇ ಎಂದು ಕೇಳಿದರೆ, ಆಯಿತು. ಆದರೆ ಭಯಕ್ಕಿಂತ ಆಸೆ ದೊಡ್ಡದಿತ್ತು. ಇಷ್ಟು ದಿನ ತಾನು ಹುಡುಕಿ ಹುಡುಕಿ ಸೋತ ಮುಖ ತಾನಾಗಿಯೇ ಬರುತ್ತಿದೆ, ಅಮ್ಮನ ಸಲುವಾಗಿ ಅಪ್ಪನೇ ಬರುತ್ತಿದ್ದಾನೆ ಎಂದು ಅವಳು ನಂಬಿಬಿಟ್ಟಳು. ಕತ್ತು ಸಣ್ಣದಾಯಿತಲ್ಲ ಎಂಬ ಅನುಮಾನ ಒಮ್ಮೆ ಸುಳಿಯಿತು. ಮಣ್ಣು ಆರುವಾಗ ಕುಗ್ಗುತ್ತದೆ ಎಂದು ಅದರ ಬಾಯಿ ಮುಚ್ಚಿಸಿದಳು. ಆಮೇಲೆ ಅವಳು ಮುಖಕ್ಕೆ ಕೈ ಹಚ್ಚಲೇ ಇಲ್ಲ. ಬೆಳಿಗ್ಗೆ ಬಟ್ಟೆ ಬಿಚ್ಚುವುದು, ಎದುರಿಗೆ ಸ್ಟೂಲು ಹಾಕಿಕೊಂಡು ಕೂರುವುದು, ಸಂಜೆ ಬಟ್ಟೆ ಸುತ್ತುವುದು. ಚೂಟಿಯಂಥ ಚೂಟಿ ದಿನವಿಡೀ ಸುಮ್ಮನೆ ಕೂತಿದ್ದನ್ನು ನೋಡಿ ಹುಡುಗರು ಜ್ವರ ಇದೆಯೇ ಎಂದು ಹಣೆ ಮುಟ್ಟಿದರು.

ಮೇಷ್ಟ್ರು ಬಂದವರು ಆ ತಲೆಯ ಮುಂದೆ ನಿಂತರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಮತ್ತೆ ತೆಗೆದು ಒರೆಸಿದರು.

"ಯಾರಮ್ಮ ಇದು?"

"ನಮ್ಮಪ್ಪ ಸರ್."

"ನಿಮ್ಮಪ್ಪನ್ನ ನಾನು ನೋಡಿಲ್ಲ ಅಲ್ವಾ?"

"ಇಲ್ಲ ಸರ್, ನಾನೇ ಸರಿಯಾಗಿ ನೋಡಿಲ್ಲ."

ಮೇಷ್ಟ್ರು ಹುಬ್ಬಿನ ಗೆರೆಯ ಹತ್ತಿರ ಬೆರಳು ತಂದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು. "ಮಣ್ಣು ನಾದಿದ್ಯಾ?"

"ನಾದಿದೀನಿ ಸರ್" ಎಂದು ಚೂಟಿ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. ಮೇಷ್ಟ್ರು ಹೊರಟುಹೋದರು. ಕಾರಿಡಾರಿನ ಕೊನೆಯಲ್ಲಿ ನಿಂತು ಅವರು ಯಾರಿಗೋ ಫೋನು ಮಾಡುತ್ತಿದ್ದುದು, ಆ ಕಡೆಯವರು ಎತ್ತುವವರೆಗೂ ತಲೆ ತಗ್ಗಿಸಿ ಕಾಯುತ್ತಿದ್ದುದು ಅವಳಿಗೆ ಕಾಣಿಸಿತು.

ಅಚ್ಚು ತೆಗೆಯುವ ಕೆಲಸ ಹೀಗೆ: ಮಣ್ಣಿನ ತಲೆಯ ಮೇಲೆ ಪ್ಲಾಸ್ಟರು ಸುರಿದು ಚಿಪ್ಪಿನಂತೆ ಗಟ್ಟಿಯಾಗಲು ಬಿಡಬೇಕು, ಒಳಗಿನ ಮಣ್ಣನ್ನು ಕೆರೆದು ತೆಗೆಯಬೇಕು, ಖಾಲಿಯಾದ ಚಿಪ್ಪಿಗೆ ಮತ್ತೆ ಪ್ಲಾಸ್ಟರು ತುಂಬಬೇಕು. ಅದು ಗಟ್ಟಿಯಾದ ಮೇಲೆ ಹೊರಗಿನ ಚಿಪ್ಪನ್ನು ಉಳಿಯಿಂದ ಚೂರು ಚೂರಾಗಿ ಒಡೆದು ಹಾಕಬೇಕು. ಮಣ್ಣೂ ಹೋಯಿತು, ಅಚ್ಚೂ ಹೋಯಿತು. ಉಳಿಯುವುದು ಒಂದೇ ಒಂದು ಬಿಳಿ ತಲೆ, ಎರಡನೆಯದು ಯಾರಪ್ಪನಾಣೆಗೂ ಬರುವುದಿಲ್ಲ. ಚೂಟಿ ಮಣ್ಣನ್ನು ಕೆರೆದು ಹಿಡಿ ಹಿಡಿಯಾಗಿ ತೊಟ್ಟಿಗೆ ಹಾಕಿದಳು, ಈ ಸಲ ಕಟ್ಟಳೆ ತಪ್ಪಲಿಲ್ಲ. ಚಿಪ್ಪು ಒಡೆಯುವಾಗ ಮೊದಲು ಕಳಚಿದ್ದು ಕಣ್ಣಿನ ಮೇಲಿನ ಚೂರು. ಬಿಳಿ ಪ್ಲಾಸ್ಟರಿನ ನಡುವಿನಿಂದ ಒಂದೇ ಕಣ್ಣು ಅವಳನ್ನು ನೋಡಿತು. ಉಳಿದದ್ದನ್ನು ಅವಳು ಪಕ್ಕಕ್ಕೆ ನಿಂತು ಒಡೆದಳು.

ಪ್ರದರ್ಶನದ ದಿನ ಗ್ಯಾಲರಿಯಲ್ಲಿ ಹೊಸ ಸುಣ್ಣದ ವಾಸನೆ. ಹಳೆಯ ಮೊಳೆಗಳ ತೂತಿಗೆ ಮೆತ್ತಿದ ಪುಟ್ಟಿ ಇನ್ನೂ ಆರಿರಲಿಲ್ಲ. ಗೋಡೆಗೆ ಚಿತ್ರಗಳು, ನಡುವೆ ಬಿಳಿ ಪೀಠಗಳ ಮೇಲೆ ತಲೆಗಳು, ಪ್ರತಿಯೊಂದರ ಕೆಳಗೆ ಅಂಗೈಯಗಲದ ಚೀಟಿ. ಅಪ್ಪಅಮ್ಮಂದಿರು ಬಂದಿದ್ದರು. ತಮ್ಮ ಮಕ್ಕಳ ಕೆಲಸದ ಮುಂದೆ ಫೋಟೋ ತೆಗೆಸಿಕೊಂಡು, ಬೇರೆಯವರ ಮಕ್ಕಳ ಕೆಲಸದಲ್ಲಿ ಕೈ ಉದ್ದವಾಯಿತು, ಕಾಲು ಗಿಡ್ಡವಾಯಿತು ಎಂದು ಪಿಸುಗುಟ್ಟುತ್ತಿದ್ದರು. ಚೂಟಿಯ ಚೀಟಿಯ ಮೇಲೆ 'ಅಪ್ಪ' ಎಂದಷ್ಟೇ ಬರೆದಿತ್ತು.

ಅಮ್ಮ ಬಂದಳು. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟಿದ್ದಳು, ಟೇಪು ಮಾತ್ರ ಕತ್ತಿನಲ್ಲೇ ಉಳಿದಿತ್ತು. ಚೂಟಿ ನಗುತ್ತಾ ಅದನ್ನು ಎಳೆದು ತೆಗೆದು ಕೈಗೆ ಕೊಟ್ಟಳು. ಅಮ್ಮ ತಲೆಯ ಮುಂದೆ ನಿಂತಳು. ಆಮೇಲೆ ಎರಡೂ ಕೈ ಮುಂದೆ ಚಾಚಿ, ಅಂಗಿಗೆ ಕಾಲರು ಕೂರಿಸುವವಳ ಹಾಗೆ, ಬೆರಳುಗಳಿಂದ ಆ ಕತ್ತನ್ನು ಸುತ್ತಿ ಹಿಡಿದಳು.

ಚೂಟಿ ಪೀಠದ ಪಕ್ಕಕ್ಕೆ ಬಂದಳು. "ಹೌದಾ ಅಮ್ಮಾ?"

ಅಮ್ಮ ಕೈ ತೆಗೆದಳು. ಮಗಳ ಮುಖ ನೋಡಿದಳು. "ಹೂಂ ಕಣೇ, ಇವರೇ" ಎಂದಳು. "ಇಷ್ಟು ಚಿಕ್ಕವರಿದ್ರಾ ಅಂತ ಅನ್ನಿಸ್ತು. ನನಗೇ ವಯಸ್ಸಾಗಿರೋದು." ಅವಳ ಕಣ್ಣಲ್ಲಿ ನೀರಿತ್ತು. ಚೂಟಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಇಷ್ಟು ದಿನದ ಹೆದರಿಕೆಗೆಲ್ಲ ಇದು ಸಾಕು ಎನಿಸಿತು.

ಆಗಲೇ ಬಾಗಿಲಿನಿಂದ ಮೇಷ್ಟ್ರು ಒಬ್ಬ ಹೆಂಗಸನ್ನು ಕರೆದುಕೊಂಡು ಬಂದರು. ಆಸ್ಪತ್ರೆಯ ಡ್ಯೂಟಿ ಮುಗಿಸಿ ನೇರ ಬಸ್ಸು ಹತ್ತಿದ್ದ ನರ್ಸು, ಇನ್ನೂ ಬಿಳಿ ಸಮವಸ್ತ್ರದಲ್ಲೇ ಇದ್ದರು. ಅವರು ಬೇರೆ ಯಾವ ಚಿತ್ರವನ್ನೂ ನೋಡಲಿಲ್ಲ. ನಡೆಯುತ್ತಾ ನಡೆಯುತ್ತಾ ಆ ತಲೆಯಿಂದ ಸ್ವಲ್ಪ ದೂರದಲ್ಲಿ ನಿಂತುಬಿಟ್ಟರು. ಕೈಚೀಲ ಹೆಗಲಿನಿಂದ ಜಾರಿ ಮೊಳಕೈಗೆ ಬಂತು. ಅದನ್ನು ಸರಿಮಾಡಿಕೊಳ್ಳುವುದೂ ಅವರಿಗೆ ತಿಳಿಯಲಿಲ್ಲ.

"ಅಪ್ಪ ಅಂತ ಬರೆದಿದೆ" ಎಂದರು, ಯಾರಿಗೆಂದಿಲ್ಲದೆ. "ನನ್ನ ಮಗನಿಗೆ ಇನ್ನೂ ಮೀಸೇನೇ ಸರಿಯಾಗಿ ಬಂದಿರಲಿಲ್ಲ."

ಚೂಟಿಗೆ ಅರ್ಥವಾಗಲಿಲ್ಲ. ಮೇಷ್ಟ್ರು ತಗ್ಗಿದ ದನಿಯಲ್ಲಿ ಹೇಳಿದರು. ಅವಳು ಕಾಲೇಜಿಗೆ ಸೇರುವ ಮುಂಚೆ ಒಬ್ಬ ಹುಡುಗ ಇದ್ದ. ದಿನವಿಡೀ ಕನ್ನಡಿ ಮುಂದಿಟ್ಟುಕೊಂಡು ತನ್ನದೇ ತಲೆ ಮಾಡುತ್ತಿದ್ದ. ಜ್ವರ ಎಂದು ಮನೆಗೆ ಹೋದವನು ವಾಪಸು ಬರಲಿಲ್ಲ. ಒದ್ದೆ ಬಟ್ಟೆಯ ಕೆಳಗೆ ಅವನ ತಲೆ ಹಾಗೇ ಉಳಿಯಿತು. "ಮಾಡಿದವನೇ ಮೂಗು ಒತ್ತಬೇಕು. ಅವನಿಲ್ಲ. ಬೇರೆಯವರ ಕೈ ಮೇಲೇಳಲಿಲ್ಲ, ನನ್ನದೂ ಏಳಲಿಲ್ಲ. ಇಡಿಯಾಗಿ ತೊಟ್ಟಿ ತಳಕ್ಕೆ ಇಳಿಸಿಬಿಟ್ಟೆ."

ನರ್ಸಮ್ಮ ಅಷ್ಟರಲ್ಲಿ ಹತ್ತಿರ ಬಂದು ಹುಬ್ಬಿನ ಗೆರೆಯ ಮೇಲೆ ಬೆರಳು ಆಡಿಸುತ್ತಿದ್ದರು. "ಗೇಟಿನ ಕೊಂಡಿ ತಾಗಿದ್ದು. ಹೊಲಿಗೆ ಹಾಕುವಾಗ ನಾನೇ ತಲೆ ಹಿಡ್ಕೊಂಡಿದ್ದೆ. ಆದ್ರೆ ಅದು ಬಲಗಡೆ ಇತ್ತು. ಇಲ್ಲಿ ಯಾಕೆ ಎಡಗಡೆ ಬಂತು?"

"ಕನ್ನಡೀಲಿ ಕಂಡ ಹಾಗೇ ಮಾಡಿದಾನೆ ಅಮ್ಮಾ" ಎಂದರು ಮೇಷ್ಟ್ರು. "ಬಲಗಡೇದು ಎಡಗಡೆಗೆ ಬಂದಿದೆ. ಹೊಸಬರು ಎಲ್ಲರೂ ಮಾಡೋ ತಪ್ಪು ಅದು. ಬೇರೆಯವರು ಅವನನ್ನ ನೋಡಿ ಮಾಡಿದ್ದಿದ್ರೆ ಈ ತಪ್ಪು ಬರ್ತಿರಲಿಲ್ಲ."

ಈಗ ಚೂಟಿಗೆ ಎಲ್ಲ ತಿಳಿಯಿತು. ತನ್ನ ಸ್ಟೂಲಿನ ಎದುರಿಗೆ ಬಟ್ಟೆಯ ಕೆಳಗೆ ಕೂತು, ಅರ್ಧಕ್ಕೆ ನಿಂತ ಕೆಲಸವನ್ನು ಆ ಹುಡುಗ ದಿನಾ ಮುಂದುವರಿಸುತ್ತಿದ್ದ. ಅವಳು ಹಚ್ಚಿದ ಅಪ್ಪನನ್ನೆಲ್ಲ ಸುಲಿದು ಸುಲಿದು ಹಲಗೆಯ ಮೇಲೆ ಹಾಕಿದ್ದ.

ಅಮ್ಮ ಪೀಠಕ್ಕೂ ಆ ಹೆಂಗಸಿಗೂ ನಡುವೆ ಬಂದು ನಿಂತಳು. "ನೋಡೀಮ್ಮ, ಇದು ನನ್ನ ಮಗಳು ಮಾಡಿದ್ದು. ಊಟ ನಿದ್ದೆ ಬಿಟ್ಟು ಮಾಡಿದಾಳೆ."

"ನಾನು ಇಲ್ಲ ಅನ್ನಲ್ಲ" ಎಂದರು ನರ್ಸಮ್ಮ. ಚೂಟಿಯ ಕಡೆ ತಿರುಗಿದರು. ಅವರ ದನಿಯಲ್ಲಿ ಜಗಳವಿರಲಿಲ್ಲ, ಅದೇ ಚೂಟಿಗೆ ಕಷ್ಟವಾಯಿತು. "ನೀನೇ ಹೇಳಮ್ಮ. ಈ ಗಾಯದ ಗುರುತು ನಿನಗೆ ಯಾರು ಹೇಳಿದ್ರು?"

ಅಮ್ಮ ಹೇಳಿದ್ದು ಎಂದರೆ ಮುಗಿದುಹೋಗುತ್ತಿತ್ತು. ಅಮ್ಮ ಹೂಂ ಎನ್ನುತ್ತಿದ್ದಳು, ತಲೆ ಮನೆಗೆ ಬರುತ್ತಿತ್ತು, ಕತ್ತರಿಸುವ ಮೇಜಿನ ಎದುರಿನ ಕಪಾಟಿನಲ್ಲಿ ಕೂರುತ್ತಿತ್ತು, ಅಮ್ಮನಿಗೆ ಒಂದು ಮುಖ ಇರುತ್ತಿತ್ತು. ನಿಜ ಹೇಳಿದರೆ ಈಗತಾನೆ ಸಿಕ್ಕಿದ ಗಂಡನನ್ನು ಅಮ್ಮನ ಕೈಯಿಂದ ಕಿತ್ತುಕೊಂಡ ಹಾಗೆ. ಚೂಟಿ ಅಮ್ಮನ ಕಡೆ ನೋಡಿದಳು, ನೋಡಲಾಗದೆ ತಲೆಯ ಕಡೆ ನೋಡಿದಳು. ಇನ್ನೂ ಮೀಸೆ ಬಾರದ ಮುಖ. ಇಷ್ಟು ದಿನ ಎದುರಿಗೆ ಕೂತಿದ್ದರೂ ಅವಳು ಅದನ್ನು ನೋಡಿಯೇ ಇರಲಿಲ್ಲ.

"ಯಾರೂ ಹೇಳಲಿಲ್ಲ" ಎಂದಳು. "ನಾನು ಮಾಡಲೂ ಇಲ್ಲ. ಮಣ್ಣು ನಾದದೆ ಹಾಗೇ ಎತ್ತಿ ಇಟ್ಟೆ. ಇವರು ನಿಮ್ಮ ಮಗನೇ ಅಮ್ಮಾ." ಪೀಠಕ್ಕೆ ಅಂಟಿಸಿದ್ದ ಚೀಟಿಯನ್ನು ಕಿತ್ತು ಮುಷ್ಟಿಯಲ್ಲಿ ಮುದ್ದೆ ಮಾಡಿಕೊಂಡಳು.

ಅಮ್ಮ ಕೂಗಾಡುತ್ತಾಳೆ, ಇಲ್ಲವೇ ಕುಸಿದು ಕೂರುತ್ತಾಳೆ ಎಂದುಕೊಂಡಿದ್ದಳು ಚೂಟಿ. ಅಮ್ಮ ಎರಡನ್ನೂ ಮಾಡಲಿಲ್ಲ. ಹೆಗಲ ಮೇಲಿನ ಶಾಲು ತೆಗೆದು ನಾಲ್ಕು ಮಡಿಕೆ ಮಾಡಿ ಪೀಠದ ಮೇಲೆ ಹಾಸಿ, ತಲೆಯನ್ನು ಎತ್ತಿ ಅದರ ಮೇಲಿಟ್ಟಳು. ಕೂಸಿಗೆ ಸುತ್ತುವ ಹಾಗೆ ಸುತ್ತಿ ಗದ್ದದ ಕೆಳಗೆ ಗಂಟು ಹಾಕಿದಳು. ಮುಖವನ್ನು ಮಾತ್ರ ಮುಚ್ಚಲಿಲ್ಲ.

"ಬಸ್ಸಲ್ಲಿ ತೊಡೆ ಮೇಲೇ ಇಟ್ಕೊಳ್ಳಿ" ಎಂದಳು. "ಮೂಗು ಹುಷಾರು."

ನರ್ಸಮ್ಮ ಎರಡೂ ಕೈ ಚಾಚಿ ಮಗನನ್ನು ತೆಗೆದುಕೊಂಡರು. ಮೇಷ್ಟ್ರು ಬಾಗಿಲವರೆಗೆ ಅವರ ಜೊತೆ ಹೋದರು. ಚೂಟಿಯ ಪೀಠ ಖಾಲಿ ಉಳಿಯಿತು. ಅದರ ಮುಂದೆಯೂ ಯಾರೋ ಒಬ್ಬರು ಗಂಭೀರವಾಗಿ ತಲೆಯಾಡಿಸಿ, ಇಂದಿನ ಕಲೆ ಇದೇ ನೋಡಿ ಎಂದು ಹೆಂಡತಿಗೆ ವಿವರಿಸಿದರು.

ಇಬ್ಬರೂ ಮನೆಗೆ ನಡೆದು ಹೊರಟರು. ಅಂಗಡಿಗಳು ತೆರೆದಿದ್ದವು, ಬೀದಿಯಲ್ಲಿ ಇನ್ನೂ ಬೆಳಕಿತ್ತು. ದಾರಿಯಲ್ಲಿ ಅಮ್ಮನೇ ಮಾತು ತೆಗೆದಳು.

"ಕತ್ತು ಹದಿನಾಲ್ಕೂ ಇರಲಿಲ್ಲ. ಕೈ ಹಾಕಿದ ತಕ್ಷಣ ಗೊತ್ತಾಯ್ತು ನನಗೆ."

ಚೂಟಿ ನಿಂತುಬಿಟ್ಟಳು. "ಮತ್ತೆ ಯಾಕಮ್ಮ ಹೂಂ ಅಂದೆ?"

"ನಿನ್ನ ಮುಖ ನೋಡಿದೆ, ಅದಕ್ಕೆ. ಅಲ್ಲ ಅಂದಿದ್ರೆ ಇನ್ನೊಂದು ಮಾಡೋಕೆ ಹೋಗ್ತಿದ್ದೆ, ಮತ್ತೆ ಅದರ ಮೂಗು ಒತ್ತೋಕೆ ಹೋಗ್ತಿದ್ದೆ." ಅಮ್ಮ ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಡೆದಳು. "ನನಗೆ ಅವರ ಮುಖ ಮರೆತುಹೋಗಿದೆ ಕಣೇ. ನಾಚಿಕೆ ಆಗುತ್ತೆ ಹೇಳ್ಕೊಳ್ಳೋಕೆ. ಕೈ ನೆನಪಿದೆ, ಕತ್ತು ನೆನಪಿದೆ. ಮುಖ ಇಲ್ಲ." ಟೇಪನ್ನು ಮತ್ತೆ ಕತ್ತಿಗೆ ಹಾಕಿಕೊಂಡು, "ನನ್ನ ತಲೆ ಮಾಡು" ಎಂದಳು. "ಎದುರಿಗೇ ಕೂರ್ತೀನಿ, ಚೆನ್ನಾಗಿ ನೋಡ್ಕೊಂಡು ಮಾಡು. ನಾಳೆ ನಿನಗೂ ಹೀಗೆ ಆಗಬಾರದು."

ಪ್ರದರ್ಶನ ಮುಗಿದ ಮೇಲೆ ಶಿಲ್ಪದ ಕೋಣೆ ಬಿಕೋ ಎನ್ನುತ್ತಿತ್ತು. ಮೇಷ್ಟ್ರು ಬೀಗದ ಕೈ ಕೊಟ್ಟರು. ಈ ಸಲ ಚೂಟಿ ಮಣ್ಣನ್ನು ನಾದಿದಳು, ನಾದಿ ನಾದಿ ಮಣಿಕಟ್ಟು ಬಾತುಕೊಂಡಿತು. ತಂತಿಯಿಂದ ಸೀಳಿ ಒಳಗೆ ನೋಡಿ ಮತ್ತೆ ನಾದಿದಳು. ಒಂದು ಮುಖವೂ, ಒಂದು ಕಿವಿಯೂ ಅದರಲ್ಲಿ ಉಳಿದಿರಲು ಸಾಧ್ಯವಿರಲಿಲ್ಲ. ಅಮ್ಮ ಸ್ಟೂಲಿನ ಮೇಲೆ ಕೂತಳು, ಸುಮ್ಮನೆ ಕೂರಲು ಬಾರದೆ ಗುಂಡಿ ಹೊಲಿಯುತ್ತಾ ಕೂತಳು. ಚೂಟಿ ಅವಸರ ಮಾಡಲಿಲ್ಲ. ಅಮ್ಮನ ಕಣ್ಣಿನ ಕೆಳಗಿನ ಚೀಲ, ಸೂಜಿ ಕಚ್ಚಿ ಕಚ್ಚಿ ಒಂದು ಕಡೆ ಎಳೆದ ತುಟಿ, ಎಲ್ಲ ಅದರದರ ಜಾಗಕ್ಕೆ ಬಂತು. ಇದು ಅವಳದೇ ಕೈ, ಪ್ರತಿ ಬೆರಳ ಗುರುತೂ ಅವಳದೇ. ಕೆನ್ನೆಗಳನ್ನು ನುಣ್ಣಗೆ ಸವರಿ, ಒದ್ದೆ ಬಟ್ಟೆ ಸುತ್ತಿ, ಬೀಗ ಹಾಕಿಕೊಂಡು ಹೋದಳು.

ಬೆಳಿಗ್ಗೆ ಅಮ್ಮನಿಗಿಂತ ಮುಂಚೆ ಬಂದು ಬಟ್ಟೆ ಬಿಚ್ಚಿದಳು.

ಮುಖ ಅಮ್ಮನದೇ. ಏನೂ ಬದಲಾಗಿರಲಿಲ್ಲ. ಕೆನ್ನೆಗಳ ಮೇಲೆ ಮಾತ್ರ ಎರಡು ಕೈಗಳ ಗುರುತಿತ್ತು. ಎದುರಿಗೆ ನಿಂತು ಯಾರೋ ಆ ಮುಖವನ್ನು ಅಂಗೈಗಳ ನಡುವೆ ಹಿಡಿದುಕೊಂಡಿದ್ದರು. ಮೆಲ್ಲಗೆ ಹಿಡಿದಿದ್ದರು, ಮಣ್ಣು ಚೂರೇ ಚೂರು ತಗ್ಗಿತ್ತು. ದೊಡ್ಡ ಕೈಗಳು, ಬೆರಳ ತುದಿಗಳು ಕಿವಿಯ ಹಿಂದಕ್ಕೂ ಹೋಗಿದ್ದವು. ಬಲಗೆನ್ನೆಯ ಮೇಲಿನ ಹೆಬ್ಬೆರಳ ಗುರುತು ನೆಟ್ಟಗಿರಲಿಲ್ಲ. ನಡುವಿನ ಗೆಣ್ಣಿನಲ್ಲಿ ಹೊರಕ್ಕೆ ಸೊಟ್ಟಗಾಗಿತ್ತು.

ಚೂಟಿ ಹಿಂದೆ ಹಿಂದೆ ಸರಿದು ಗೋಡೆಗೆ ಒರಗಿ ನಿಂತಳು. ಬೀಗ ಅವಳೇ ಹಾಕಿದ್ದು, ಅವಳೇ ತೆಗೆದದ್ದು. ಅಮ್ಮ ಬರುವ ಮುಂಚೆ ಸವರಿ ಅಳಿಸಿಬಿಡಲೇ ಎಂದುಕೊಂಡಳು. ಕಾಲು ಮುಂದೆ ಹೋಗಲಿಲ್ಲ. ಕಾರಿಡಾರಿನಲ್ಲಿ ಅಮ್ಮನ ಚಪ್ಪಲಿಯ ಸದ್ದು ಕೇಳಿಸಿತು.

ಅಮ್ಮ ಬಂದಳು, ತನ್ನ ತಲೆಯನ್ನು ತಾನೇ ಎದುರಿನಿಂದ ನೋಡಿದಳು. ಕತ್ತಿನಲ್ಲಿದ್ದ ಟೇಪಿಗೆ ಕೈ ಹಾಕಲಿಲ್ಲ. ಸೊಟ್ಟ ಹೆಬ್ಬೆರಳ ತಗ್ಗಿನಲ್ಲಿ ತನ್ನ ಹೆಬ್ಬೆರಳು ಇಟ್ಟು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಇನ್ನೊಂದು ಕೆನ್ನೆಯ ಕಡೆ ಸರಿದು, ಕೈಯ ಗುರುತಿನ ಕೆಳಗೆ ಮಣಿಕಟ್ಟು ಇರಬೇಕಾದ ಖಾಲಿ ಜಾಗದಲ್ಲಿ, ಎರಡೂ ಕೈಯ ಬೆರಳುಗಳಿಂದ ಕಣ್ಣಿಗೆ ಕಾಣದ ಕಫಿನ ಗುಂಡಿಯೊಂದನ್ನು ಅದರ ಕಾಜಾದೊಳಗೆ ಹಾಕಿ ಸರಿಮಾಡಿದಳು.

"ಬಟ್ಟೆ ಒದ್ದೆ ಮಾಡ್ಕೊಂಡು ಬಾರೇ" ಎಂದಳು, ಹಿಂದಕ್ಕೆ ತಿರುಗದೆ. "ಇದು ಒಣಗಬಾರದು."

ಚೂಟಿ ಗೋಡೆ ಬಿಟ್ಟು ಬಕೆಟ್ಟಿನ ಕಡೆ ನಡೆದಳು. ಕೈಯಲ್ಲಿದ್ದ ಬಟ್ಟೆ ಆಗಲೇ ಒದ್ದೆಯಾಗಿತ್ತು, ಬಾಯಿಯ ಜಾಗದಲ್ಲಿ ಇನ್ನೂ ಬೆಚ್ಚಗಿತ್ತು.